ಬತ್ತೆಗುಡ್ಡಕ್ಕೆ ಆ ಹೆಸರು ಬಂದದ್ದು

ನಮ್ಮ ಬಂದರಿನಿಂದ ದೋಣಿ ಬಿಟ್ಟು ಪಡುವಣಕ್ಕೆ ಮುಖ ಮಾಡಿದರೆ, ದಡದ ತೆಂಗುಗಳು ಕಣ್ಮರೆಯಾದ ಮೇಲೆ ಎದುರಿಗೆ ಬತ್ತೆಗುಡ್ಡ ಏಳುತ್ತದೆ. ಸುತ್ತ ಕಪ್ಪು ಬಂಡೆ, ಮೇಲೆ ಮುಳ್ಳುಪೊದೆ, ಗಾಳಿಗೆ ಬೆನ್ನು ಬಾಗಿಸಿದ ನಾಲ್ಕಾರು ಗೋಳಿಮರ, ಗವಿಗಳಲ್ಲಿ ಪಾರಿವಾಳ, ನೆತ್ತಿಯಲ್ಲೊಂದು ಸಿಹಿನೀರಿನ ಗುಂಡಿ. ಮನೆಯಿಲ್ಲ, ಗುಡಿಯಿಲ್ಲ. ಹೆಸರು ಕೇಳಿದ್ದೇ ತಡ, ಹಿಂದೆ ಇಲ್ಲಿ ಭತ್ತ ಬೆಳೆಯುತ್ತಿದ್ದರೆಂದು ಕೆಲವರು ಅಪ್ಪಣೆ ಕೊಡಿಸಿಬಿಡುತ್ತಾರೆ. ಆ ಬಂಡೆಯ ಮೇಲೆ ನೇಗಿಲು ಹೂಡಿದ ಪುಣ್ಯಾತ್ಮ ಯಾರೋ, ದೇವರೇ ಬಲ್ಲ! ನಮ್ಮ ಕಡಲಿನವರು ಹೇಳುವ ಕಥೆ ಬೇರೆ. ನನ್ನ ನಂಬಿಕೆಯೂ ಅದರ ಮೇಲೆಯೇ.

ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ದುಗ್ಗ ತಂಡೇಲನ ಮಂಜಿ ಮಲೆಯಾಳದ ತೆಂಗಿನಕಾಯಿ ತುಂಬಿಕೊಂಡು ಗೋವೆಗೆ ಹೊರಟಿತ್ತು. ಮಂಜಿಯೆಂದರೆ ಸರಕಿನ ಹಾಯಿಹಡಗು, ತಂಡೇಲನೆಂದರೆ ಅದರ ಯಜಮಾನ. ಹಡಗಿನಲ್ಲಿ ಅವನ ತಮ್ಮ ಬಚ್ಚನೂ ಇದ್ದ. ತಾಯಿ ಸಾಯುವಾಗ ಬಚ್ಚನ ಕೈಯನ್ನು ದುಗ್ಗನ ಕೈಯಲ್ಲಿಟ್ಟು ಕಣ್ಣು ಮುಚ್ಚಿದ್ದಳಂತೆ. ಆ ಕೈಯನ್ನು ದುಗ್ಗ ಎಷ್ಟು ಬಿಗಿಯಾಗಿ ಹಿಡಿದನೆಂದರೆ, ತಮ್ಮನಿಗೆ ಮೀಸೆ ಬಂದು ಎಷ್ಟೋ ಕಾಲವಾದರೂ ಚುಕ್ಕಾಣಿ ಮುಟ್ಟಲು ಬಿಡುತ್ತಿರಲಿಲ್ಲ. ಗಾಳಿ ಬಿದ್ದು ಹಡಗು ಈ ಗುಡ್ಡದ ಬಳಿ ನಿಂತ ಬೆಳಿಗ್ಗೆ ಅದೇ ಜಗಳ ಮತ್ತೆ ಎದ್ದಿತು. "ನಾ ಇನ್ನ್ ನಿನ್ ಮಂಜಿಯಂಗೆ ಇಪ್ಪುದಿಲ್ಲ ಅಣ್ಣಯ್ಯ, ಬೇರೆ ಮಂಜಿ ಸಿಕ್ರೆ ಹತ್ತುದೇ" ಎಂದ ಬಚ್ಚ. ಎಲ್ಲರೂ ದಡಕ್ಕಿಳಿದರು. ಕೆಲವರು ಬಂಡೆಗೆ ಅಂಟಿದ ಮರುವಾಯಿ ಚಿಪ್ಪು ಕಿತ್ತು ಸುಟ್ಟು ತಿಂದರು, ಕೆಲವರು ಗವಿಯೊಳಗೆ ಕೂಗಿ ಪಾರಿವಾಳ ಹಾರಿಸಿ ನಕ್ಕರು. ಗುಡ್ಡದ ಆಚೆ ಮಗ್ಗುಲಲ್ಲಿ ತೆಂಕಣಕ್ಕೆ, ಅವರ ಊರ ಕಡೆಗೆ ಹೋಗುವ ಇನ್ನೊಂದು ಮಂಜಿ ನಿಂತಿತ್ತು. ಅದರವರೊಡನೆ ಬಚ್ಚ ಹರಟುತ್ತಿದ್ದುದನ್ನು ದುಗ್ಗ ದೂರದಿಂದ ಕಂಡು ಹಲ್ಲು ಕಚ್ಚಿದ.

ಇಳಿಹೊತ್ತಿಗೆ ಪಡುಗಾಳಿ ಎದ್ದಿತು. ಎಲ್ಲರೂ ಹಡಗು ಹತ್ತಿದರು, ಬಚ್ಚನೊಬ್ಬ ಇಲ್ಲ. ದುಗ್ಗ ಬಾಯಿಗೆ ಕೈ ಹಿಡಿದು ಕೂಗಿದ. ಗುಡ್ಡದ ನೆತ್ತಿಯಿಂದ ತಮ್ಮನ ಒಂದೇ ಮಾತು ಬಂತು: "ಬತ್ತೇ...!"

ನಮ್ಮಲ್ಲಿ ಮನೆ ಬಿಟ್ಟು ಹೊರಡುವವರು 'ಹೋತೆ' ಎನ್ನುವುದಿಲ್ಲ, ಅದು ಅಪಶಕುನ. 'ಬತ್ತೆ', ಅಂದರೆ ಬರುತ್ತೇನೆ, ಎಂದೇ ಹೊರಡುತ್ತಾರೆ. ಬರುವವನ ಮಾತೂ ಅದೇ, ಹೋಗುವವನ ಮಾತೂ ಅದೇ. ಬಚ್ಚ ಬರುತ್ತೇನೆಂದಿದ್ದ. ಬೆಳಗಿನ ಮಾತು ಎದೆಯಲ್ಲಿ ಚುಚ್ಚುತ್ತಿದ್ದ ಅಣ್ಣನಿಗೆ ಅದು ವಿದಾಯವಾಗಿ ಕೇಳಿಸಿತು. ತುಸು ಹೊತ್ತಿಗೆ ಆಚೆಯ ಮಂಜಿಯೂ ಹಾಯಿ ಬಿಚ್ಚಿ ತೆಂಕಣಕ್ಕೆ ತಿರುಗಿತು. ತಮ್ಮ ಅದನ್ನೇ ಹತ್ತಿದನೆಂದುಕೊಂಡು ದುಗ್ಗ ಲಂಗರು ಎತ್ತಿಸಿದ. ಮರುದಿನ ಹಗ್ಗ ಹುಡುಕುತ್ತಿದ್ದಾಗ ಮೂಲೆಯಲ್ಲಿ ತಮ್ಮನ ಬಟ್ಟೆಗಂಟು ಕಂಡಿತು. ಬಿಟ್ಟು ಹೋಗುವವನು ಗಂಟು ಬಿಡುತ್ತಾನೆಯೇ? ದುಗ್ಗ ಆ ಗಂಟು ಹಿಡಿದು ಆಳುಗಳೆದುರೇ ಅತ್ತ ಎನ್ನುತ್ತಾರೆ. ಆ ಹೊತ್ತಿಗೆ ತೆಂಕಣ ಗಾಳಿ ಎದುರು ನಿಂತಿತ್ತು. ಅಡ್ಡಡ್ಡ ಹಾಯಿಸುತ್ತ ಹಿಂದಿರುಗಲು ದಿನಗಳೇ ಹಿಡಿದವು. ಹಾಗೆ ತಿರುಗಿಸುವಾಗಲೆಲ್ಲ ಅವನು ಕಡಲಿನ ಮೇಲೆ "ಬತ್ತೆ, ಬತ್ತೆ" ಎಂದು ಕೂಗುತ್ತಿದ್ದನಂತೆ, ಯಾರಿಗೂ ಕೇಳದಿದ್ದರೂ.

ಬಚ್ಚ ದೋಣಿ ಹತ್ತುವ ಬಂಡೆಯ ಮೇಲೆಯೇ ಕೂತಿದ್ದ. ಮೈ ಸುಟ್ಟು ಕರಕಾಗಿತ್ತು. ಪಕ್ಕದಲ್ಲಿ ಹಡಗಿಗೆಂದು ಅಂದು ತುಂಬಿಸಿದ ಕೊಡ ಹಾಗೇ ಇತ್ತು. ತಾನು ಕುಡಿಯಲು ದಿನವೂ ಗುಡ್ಡ ಹತ್ತಿದ್ದನೇ ಹೊರತು ಅದನ್ನು ಮುಟ್ಟಿರಲಿಲ್ಲ. ಅಣ್ಣನನ್ನು ಕಂಡವನೇ, "ತಡ ಆಯ್ತ್ ಅಣ್ಣಯ್ಯ, ನೀರ್ ತುಂಬ್ಸುಕೆ ಹೊತ್ತ್ ಹಿಡೀತ್" ಎಂದ. ಬಯ್ದಿದ್ದರೆ ದುಗ್ಗ ತಡೆದುಕೊಳ್ಳುತ್ತಿದ್ದನೇನೋ. "ತಡ ಆದ್ದ್ ನಂದ್, ತಮ್ಮಾ" ಎಂದು ಅವನನ್ನು ಎತ್ತಿಕೊಂಡು ಹೋಗಿ ಚುಕ್ಕಾಣಿಯ ಬಳಿ ಕೂರಿಸಿದ.

ಆ ಬಂಡೆ ಇಂದಿಗೂ ಇದೆ, ಕೂರಲು ತಕ್ಕಂತೆ ನಡುವೆ ಸವೆದಿದೆ. ಗುಡ್ಡ ನೋಡಲು ಬಂದವರು ಮೇಲೆ ಅಲೆದಾಡುತ್ತಿರುವಾಗ ಕೆಳಗಿನಿಂದ ದೋಣಿಯವರು ಕರೆಯುತ್ತಾರೆ. ಮೇಲಿನವರು ರೂಢಿಯಂತೆ "ಬಂದೆವು" ಎಂದರೂ ಬರುವವನ ಬತ್ತೆಯೋ ಹೋಗುವವನ ಬತ್ತೆಯೋ ಎಂಬ ಪ್ರಶ್ನೆ ಕೆಳಗಿನಿಂದ ಬಂದೇ ಬರುತ್ತದೆ: "ಬಪ್ಪು ಬತ್ತೆಯಾ, ಹೋಪು ಬತ್ತೆಯಾ?" ಪೇಟೆಯವರಿಗೆ ನಗು ಬರುತ್ತದೆ. ಕಡಲು ಏರುತ್ತಿರಲಿ, ಕತ್ತಲು ಕವಿಯುತ್ತಿರಲಿ, "ಬಪ್ಪು ಬತ್ತೆ" ಎಂದು ಉತ್ತರ ಬರುವ ತನಕ ಇಲ್ಲಿ ಯಾರೂ ಲಂಗರು ಎತ್ತುವುದಿಲ್ಲ.