ಕುಲುಮೆಯ ಪಕ್ಕದ ಬೈರಿಗೆ

ಕಾರ್ತಿಕ ಮಾಸದ ಎರಡನೆಯ ಮಂಗಳವಾರ, ಬೆಳಗಿನ ಗಂಜಿ ಕುಡಿದಾದ ಮೇಲೆ, ಮುದ್ದಯ್ಯ ಎಂಬ ಶಿಷ್ಯ ಗುರುಗಳ ಮುಂದೆ ನಿಂತು ಕೇಳಿದ:

“ಬುದ್ಧಿ, ಕೋಣೆಯಲ್ಲಿ ಧ್ಯಾನಕ್ಕೆ ಕೂತಾಗ ನನ್ನ ಮನಸ್ಸು ತಿಳಿಯಾಗಿರುತ್ತದೆ. ಆಶ್ರಮದ ತರಕಾರಿಗೆಂದು ಸಂತೆಗೆ ಹೋದರೆ ಆ ತಿಳಿ ಅರ್ಧ ಗಂಟೆಯೂ ಉಳಿಯುವುದಿಲ್ಲ. ನಿನ್ನೆ ಬದನೆಕಾಯಿ ಮಾರುವವನನ್ನು ಬಾಯಿಗೆ ಬಂದಂತೆ ಬೈದು ಬಂದೆ. ನನ್ನ ಧ್ಯಾನ ಸಾಲದೆ? ಇನ್ನೊಂದು ತಿಂಗಳು ಕೋಣೆ ಬಿಟ್ಟು ಬರದೆ ಕೂರಲು ಅಪ್ಪಣೆ ಕೊಡಿ. ಆಗಲೂ ಸರಿಹೋಗದಿದ್ದರೆ ಈ ದಾರಿ ನನ್ನದಲ್ಲವೆಂದು ಊರಿಗೆ ಹೊರಟುಹೋಗುತ್ತೇನೆ.”

ಗುರುಗಳು ಅವನನ್ನು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಬಡಗಲಲ್ಲಿ ಒಂದು ಚಳಿಯ ನಾಡು. ಅಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಕೆರೆ ಹೆಪ್ಪುಗಟ್ಟುತ್ತದೆ. ಮೇಲೆ ಒಂದು ಮೊಳ ದಪ್ಪದ ಮಂಜುಗಡ್ಡೆ, ಕೆಳಗೆ ನೀರು, ನೀರಿನಲ್ಲಿ ಮೀನು. ಜನ ಮಂಜುಗಡ್ಡೆಯ ಮೇಲೆ ನಡೆದು ಹೋಗುತ್ತಾರೆ. ಕೈಯಿಂದ ತಿರುಗಿಸುವ ಬೈರಿಗೆಯಿಂದ ತೂತು ಕೊರೆಯುತ್ತಾರೆ. ಆ ತೂತಿನಲ್ಲಿ ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಾರೆ.

ಅಲ್ಲಿಯ ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಊರಿನ ಬೈರಿಗೆಗಳನ್ನೆಲ್ಲ ಮಾಡಿಕೊಟ್ಟವನು ಅವನೇ. ಆದರೆ ಅವನು ಒಂದು ದಿನವೂ ಕೆರೆಯ ಮೇಲೆ ಕೂತು ಮೀನು ಹಿಡಿದವನಲ್ಲ. ಮನೆಗೆ ಮೀನು ತರುತ್ತಿದ್ದವನು ಅಳಿಯ. ಜನ ಬೈರಿಗೆಯನ್ನು ಮನೆಯ ಹೊರಗೆ ಹಿಮದಲ್ಲಿ ನಿಲ್ಲಿಸಿದ್ದು ಕಂಡಾಗಲೆಲ್ಲ ಕಮ್ಮಾರ ಗದರುತ್ತಿದ್ದ. ಹೆತ್ತವರಿಲ್ಲದ ಮಗುವಿನಂತೆ ಕಬ್ಬಿಣವನ್ನು ಹೊರಗೆ ಹಾಕಿದ್ದೀರಿ ಎನ್ನುತ್ತಿದ್ದ. ಜನ ನಕ್ಕು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಒಂದು ಚಳಿಗಾಲ ಅಳಿಯ ದೂರದ ಊರಿಗೆ ಹೋಗಿದ್ದಾಗ ಹಿಮ ಬಿದ್ದು ದಾರಿ ಮುಚ್ಚಿತು. ಅವನು ಅಲ್ಲೇ ಉಳಿದ. ಅದೇ ವಾರ ಮಗಳಿಗೆ ಹೆರಿಗೆಯಾಯಿತು. ಮಗುವಿಗೆ ತಾಯಿಯ ಹಾಲು ಸಾಲಲಿಲ್ಲ. ಅದು ಹಗಲೆಲ್ಲ ಅಳುತ್ತಿತ್ತು. ಹೆರಿಗೆ ಮಾಡಿಸಿದ ಸೂಲಗಿತ್ತಿ ಪಕ್ಕದ ಮನೆಯ ಮುದುಕಿ. ಬಾಣಂತಿಗೆ ದಿನವೂ ಹಸಿ ಮೀನಿನ ಸಾರು ಕೊಡು, ಹಾಲು ಇಳಿಯುತ್ತದೆ ಎಂದು ಅವಳು ಕಮ್ಮಾರನಿಗೆ ಹೇಳಿದಳು. ಮನೆಯಲ್ಲಿ ಕೆರೆಗೆ ಹೋಗುವವರು ಬೇರೆ ಯಾರೂ ಇರಲಿಲ್ಲ. ಕಮ್ಮಾರನೇ ಕೆರೆಗೆ ಹೋಗಬೇಕಾಯಿತು.

ಅವನು ತನಗೆಂದು ಒಂದು ಹೊಸ ಬೈರಿಗೆ ಮಾಡಿಕೊಂಡ. ಅದರ ಅಲಗು ಮುಂಗೈ ಕೂದಲನ್ನು ಬೋಳಿಸುವಷ್ಟು ಹರಿತವಾಗಿತ್ತು. ಚಳಿಗೆ ಕಬ್ಬಿಣ ಪೆಡಸಾಗಿ ಮುರಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಬೈರಿಗೆಯನ್ನು ಕುಲುಮೆಯ ಪಕ್ಕದಲ್ಲಿಟ್ಟು ಬೆಚ್ಚಗೆ ಮಾಡಿ ಕೆರೆಗೆ ಹೊತ್ತೊಯ್ದ. ನಾಲ್ಕು ಬೆರಳಿನಷ್ಟು ಕೊರೆಯಿತು. ದಣಿವಾರಿಸಿಕೊಳ್ಳಲು ಅದನ್ನು ಹೊರಗೆ ತೆಗೆದಿಟ್ಟ. ಮತ್ತೆ ಇಳಿಸಿದಾಗ ಬೈರಿಗೆ ತಿರುಗಿತೇ ಹೊರತು ಕೊರೆಯಲಿಲ್ಲ. ನೋಡಿದರೆ ಅಲಗಿನ ಮೇಲೆ ಬೆಳ್ಳಗೆ ಮಂಜುಗಡ್ಡೆ ಕೂತಿತ್ತು. ಸುತ್ತಿಗೆಯಿಂದ ಬಡಿದು ಬಿಡಿಸಿದ, ಮತ್ತೆ ಕೂತಿತು. ಮಧ್ಯಾಹ್ನದವರೆಗೆ ಹೆಣಗಿ ಬರಿಗೈಯಲ್ಲಿ ಮನೆಗೆ ಬಂದ.

ಅಲಗು ಮೊಂಡಾಗಿದೆ ಎಂದುಕೊಂಡು ಇನ್ನಷ್ಟು ಹರಿತ ಮಾಡಿದ. ಬಿಸಿ ಸಾಲಲಿಲ್ಲ ಎಂದುಕೊಂಡು ಕುಲುಮೆಗೆ ಇನ್ನೂ ಹತ್ತಿರ ಇಟ್ಟ. ಎರಡನೆಯ ದಿನ ಅದನ್ನು ಕಂಬಳಿಯಲ್ಲಿ ಸುತ್ತಿ, ಬಿಸಿ ಆರದಂತೆ ಎದೆಗವಚಿಕೊಂಡು ಹೋದ. ಆ ದಿನ ಬೈರಿಗೆ ಅರ್ಧ ಮೊಳ ಇಳಿಯಿತು. ಉಳಿದದ್ದೂ ಬೇಗ ಇಳಿಯುತ್ತದೆ ಎಂದು ಗಾಳದ ದಾರ ಬಿಡಿಸಿಕೊಂಡು ತಿರುಗಿ ನೋಡುವಷ್ಟರಲ್ಲಿ ತೂತಿನೊಳಗೇ ಹೆಪ್ಪುಗಟ್ಟಿ ಸಿಕ್ಕಿಬಿದ್ದಿತ್ತು. ಕೀಳಲು ಅವನಿಗೆ ಸಂಜೆಯವರೆಗೆ ಹಿಡಿಯಿತು. ಊರಿನ ಬೈರಿಗೆಗಳನ್ನೆಲ್ಲ ಮಾಡಿದವನಿಗೆ ಬೈರಿಗೆ ಹಿಡಿಯುವುದು ತಿಳಿಯದೇ ಇರುತ್ತದೆಯೇ ಎಂದು ಯಾರೂ ಅವನಿಗೆ ಹೇಳಿಕೊಡಲು ಹೋಗಲಿಲ್ಲ. ಅದೇ ಕಾರಣಕ್ಕೆ ಅವನೂ ಯಾರನ್ನೂ ಕೇಳಲಿಲ್ಲ. ಮುದುಕಿ ತಾನು ಹಿಡಿದ ಮೀನಿನಲ್ಲಿ ಒಂದನ್ನು ಕಳಿಸಿಕೊಟ್ಟಳು. ಮಗಳು ಆ ಸಾರು ಕುಡಿದು, ನಾಳೆ ನೀನೇ ಹಿಡಿದು ತಾ ಅಪ್ಪಾ ಎಂದಳು. ಅವನು ತಲೆಯಾಡಿಸಿದ. ಮಗು ಅಳುತ್ತಲೇ ಇತ್ತು.

ಮೂರನೆಯ ದಿನ ಕಮ್ಮಾರ ಮತ್ತೆ ಬೈರಿಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ. ಮುದುಕಿ ತನ್ನ ಬಾಗಿಲಲ್ಲಿ ನಿಂತಿದ್ದಳು. ಅವಳ ಬೈರಿಗೆ ಹಿಮದಲ್ಲಿ ನೆಟ್ಟಗೆ ನಿಂತಿತ್ತು. ಅದಕ್ಕೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಹನ್ನೊಂದು ವರ್ಷದ ಹಿಂದೆ ಅವನೇ ಮಾಡಿಕೊಟ್ಟದ್ದು. ಹಿಂದಿನ ದಿನ ಅದೇ ಬೈರಿಗೆಯಿಂದ ಅವಳು ಐದು ತೂತು ಕೊರೆದಿದ್ದಳು.

ಮುದುಕಿ ಕಂಬಳಿ ಸರಿಸಿ ಅಲಗನ್ನು ಮುಟ್ಟಿ ನೋಡಿದಳು. “ಬೈರಿಗೆಯೇನು ನಿನ್ನ ಅಳಿಯನೇನಪ್ಪಾ, ಬೆಂಕಿಯ ಹತ್ತಿರ ಕೂರಿಸಿ, ಕಂಬಳಿ ಹೊದಿಸಿ ಉಪಚಾರ ಮಾಡುವುದಕ್ಕೆ? ಅದು ಬೆಚ್ಚಗಿದ್ದರೆ ಮಂಜುಗಡ್ಡೆ ತಾಕಿದ ಕೂಡಲೇ ಬೆವರುತ್ತದೆ. ಆ ಬೆವರೇ ಅಲಗಿನ ಮೇಲೆ ಹೆಪ್ಪುಗಟ್ಟುತ್ತದೆ. ನನ್ನದನ್ನು ಚಳಿ ಶುರುವಾದ ದಿನ ಹೊರಗೆ ನಿಲ್ಲಿಸಿದೆ, ಚಳಿ ಮುಗಿಯುವ ತನಕ ಒಳಗೆ ತರುವುದಿಲ್ಲ.”

“ಚಳಿಗೆ ಕಬ್ಬಿಣ ಮುರಿಯುತ್ತದೆ ಅಜ್ಜೀ.”

“ಮುರಿದರೆ ನೀನಿದ್ದೀಯಲ್ಲ. ಇನ್ನೊಂದು ಮಾಡಿಕೊಡು.”

ಕಮ್ಮಾರನಿಗೆ ನಾಚಿಕೆಯಾಯಿತು. ಆದರೂ ಅವಳ ಮಾತು ನಡೆಸಿದ. ಬೈರಿಗೆಯನ್ನು ಒಣಬಟ್ಟೆಯಿಂದ ಒರೆಸಿ, ಮುದುಕಿಯ ಬೈರಿಗೆಯ ಪಕ್ಕದಲ್ಲಿ ನಿಲ್ಲಿಸಿದ. ಆ ದಿನ ಕೆರೆಗೆ ಹೋಗಲಿಲ್ಲ. ಮುದುಕಿ ಕೊಟ್ಟ ಇನ್ನೊಂದು ಮೀನಿನ ಸಾರು ಮಾಡಿ ಮಗಳಿಗೆ ಕೊಟ್ಟ.

ಮರುದಿನ ಬೆಳಿಗ್ಗೆ ಬೈರಿಗೆ ಕೈಗೆ ಅಂಟುವಷ್ಟು ತಣ್ಣಗಿತ್ತು. ಕಂಬಳಿಯನ್ನು ಈ ಸಲ ತಾನು ಹೊದ್ದುಕೊಂಡು ಕೆರೆಗೆ ನಡೆದ. ಅಲಗು ಕಚ್ಚಿತು. ಕೊರೆದ ಮಂಜು ಒಣಗಿದ ರವೆಯ ಹಾಗೆ ಮೇಲೆ ಬಂದು ಸುತ್ತಲೂ ಬಿತ್ತು. ನಡುವೆ ನಿಂತು ಉಸಿರು ತೆಗೆದುಕೊಂಡ. ಅಲಗಿನ ಮೇಲೆ ಏನೂ ಕೂರಲಿಲ್ಲ. ಬಿಸಿಲು ಏರುವ ಮೊದಲೇ ನೀರು ಕಂಡಿತು. ಮುದುಕಿ ತನ್ನ ತೂತಿನ ಪಕ್ಕದಿಂದಲೇ, ನೀರು ಕೊಡವಿ ಹಿಮದಲ್ಲಿ ನಿಲ್ಲಿಸು ಎಂದು ಕೂಗಿದಳು. ಅವನು ಹಾಗೇ ಮಾಡಿ ಗಾಳ ಇಳಿಬಿಟ್ಟು ಕೂತ.

ಸಾಕಾಗುವಷ್ಟು ಮೀನು ಸಿಕ್ಕಿತು. ಆ ದಿನದಿಂದ ಮನೆಯ ಒಲೆಯ ಮೇಲೆ ಸಾರು ತಪ್ಪಲಿಲ್ಲ. ವಾರ ಕಳೆಯುವುದರೊಳಗೆ ಮಗು ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆ ಮಾಡತೊಡಗಿತು. ಮಗಳ ಮುಖಕ್ಕೆ ಬಣ್ಣ ಬಂತು. ಕಮ್ಮಾರನಿಗೆ ಕೆರೆಯ ಮೇಲೆ ಕೂರುವುದು ರೂಢಿಯಾಯಿತು. ಆಮೇಲೆ ಇಷ್ಟವೂ ಆಯಿತು. ಅಳಿಯ ಮರಳಿ ಬಂದಾಗ, ನಾಳೆಯೂ ನಾನೇ ಹೋಗುತ್ತೇನೆ, ನೀನು ಮಗುವನ್ನು ಎತ್ತಿಕೊಂಡಿರು ಎಂದ.

ಕತೆ ಮುಗಿಯಿತು. ಹಾಗಾದರೆ ಕುಲುಮೆಯೇ ಬೇಡವೇ ಎಂದು ಮುದ್ದಯ್ಯ ಕೇಳಿದ.

ಕುಲುಮೆಯಿಲ್ಲದೆ ಬೈರಿಗೆ ಹುಟ್ಟುವುದೇ ಇಲ್ಲ ಎಂದರು ಗುರುಗಳು. ಅಪ್ಪಣೆ ಸಿಕ್ಕಿತೆಂದುಕೊಂಡು ಎದ್ದು ಕೋಣೆಯ ಕಡೆಗೆ ಎರಡು ಹೆಜ್ಜೆ ಇಟ್ಟ ಶಿಷ್ಯನನ್ನು ಹೆಸರು ಹಿಡಿದು ಕರೆದರು. ಅವನು ತಿರುಗಿ ನಿಂತ. ಗುರುಗಳು ಹೇಳಿದರು:

“ಈ ವರ್ಷ ಸಂತೆಗೆ ಹೋಗುವ ಸರದಿ ನಿನಗೆ ಹದಿಮೂರು ಸಲ ಬಂತು ಮುದ್ದಯ್ಯ, ನೀನು ಹೋದದ್ದು ಎರಡು ಸಲ.”