ಸೀಟಿನ ಕೆಳಗಿನ ಅಲಗು

ಹಾವೇರಿ ಕಡೆಯ ಒಂದು ಪೇಟೆಯಲ್ಲಿ ದಸ್ತಗೀರ ಎಂಬ ಸಾಣೆಗಾರನಿದ್ದ. ಚಾಕು, ಕತ್ತರಿ, ಈಳಿಗೆಮಣೆಗಳಿಗೆ ಸಾಣೆ ಹಿಡಿದು ಬದುಕುತ್ತಿದ್ದ. ಅವನ ಸೈಕಲ್ಲೇ ಅವನ ಅಂಗಡಿ. ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕುಳಿತು ಪೆಡಲ್ ತುಳಿದರೆ ಮುಂದಿನ ಸಾಣೆಕಲ್ಲು ಗಿರಗಿರನೆ ತಿರುಗುತ್ತಿತ್ತು. ಊರಿನ ಅರ್ಧ ಅಡುಗೆಮನೆಗಳ ಚಾಕುಗಳು ಅವನ ಕೈಯಲ್ಲೇ ಹರಿತವಾಗುತ್ತಿದ್ದವು.

ಆ ಸೈಕಲ್ ಒಂದು ದಿನ ಕಳುವಾಯಿತು. ಹೆಂಡತಿ ಹುಸೇನಬಿಗೆ ಜ್ವರ ಬಂದಿತ್ತು. ಔಷಧಿ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಬೀಗ ಹಾಕಿ ಒಳಗೆ ಹೋದ. ಗುಳಿಗೆ ತೆಗೆದುಕೊಂಡು ಹೊರಗೆ ಬಂದರೆ ಸೈಕಲ್ ಇಲ್ಲ, ಸಾಣೆಕಲ್ಲೂ ಇಲ್ಲ. ಅಕ್ಕಪಕ್ಕದವರನ್ನು ಕೇಳಿದ. ಒಬ್ಬ ಹೇಳಿದ, "ಯಾರೋ ಹಿಂದಿನ ಗಾಲಿ ಎತ್ತಿ ಹಿಡಕೊಂಡು ತಳ್ಳಿಕೊಂಡು ಹೋದ. ಕೀಲಿ ಕಳಕೊಂಡಾನ ಅಂತ ನಾ ತಿಳಕೊಂಡೆ."

ಹುಡುಕಾಟ ವ್ಯರ್ಥವಾಯಿತು. ಅಂದಿನಿಂದ ದಸ್ತಗೀರ ಕೈಯಲ್ಲಿ ಅಲಗು ಉಜ್ಜುವ ಒಂದು ಅರ ಹಿಡಿದು ಓಣಿ ಓಣಿ ನಡೆದ. ಸಾಣೆಕಲ್ಲಿನ ಕೆಲಸ ಅರದಿಂದ ಆಗುತ್ತದೆಯೇ? ಜನ "ಮೊದಲಿನ ಹಂಗ ಇಲ್ಲ ಬಿಡು" ಎಂದು ಚಾಕು ವಾಪಸ್ ಕೊಡುತ್ತಿದ್ದರು. ಸಂಜೆ ಮನೆಗೆ ಬಂದರೆ ಕಾಲುಗಳು ಕಂಬವಾಗಿರುತ್ತಿದ್ದವು. ಉಣ್ಣುವಾಗಲೂ ಅವನ ಬಾಯಲ್ಲಿ ಕಳ್ಳನದೇ ಮಾತು. ಹುಸೇನಬಿ ಕೇಳಿ ಕೇಳಿ ದಣಿದಳು. ಹೇಳಿ ಹೇಳಿ ಅವನೂ ದಣಿದ. ಆದರೆ ಸಿಟ್ಟು ಮಾತ್ರ ದಣಿಯಲಿಲ್ಲ.

ಬಹಳ ಕಷ್ಟಪಟ್ಟು ಅವನು ಮತ್ತೊಂದು ಹಳೆಯ ಸೈಕಲ್ ತಂದ. ಹೊಸ ಕಲ್ಲು ಕೂಡಿಸಿದ. ಆಮೇಲೆ ಅಂಗಳದಲ್ಲಿ ಕುಳಿತು ಒಂದು ಮುರಿದ ಚಾಕುವಿನ ಅಲಗಿಗೆ ಸಾಣೆ ಹಿಡಿಯತೊಡಗಿದ. ಕೂದಲು ಬಿದ್ದರೆ ಎರಡಾಗುವಷ್ಟು ಹರಿತ ಮಾಡಿದ. ಅದನ್ನು ಸೀಟಿನ ಹಿಂಭಾಗದ ಕೆಳಗೆ ಕಾಣದಂತೆ ಬಿಗಿದ.

"ಏನ್ ಮಾಡಾಕತ್ತೀರಿ?" ಎಂದಳು ಹುಸೇನಬಿ.

"ಕೀಲಿ ಇದ್ದವ ಸೀಟಿನ ಬುಡಕ ಕೈ ಹಾಕೂದಿಲ್ಲ. ಬೀಗ ಹಾಕಿದ ಸೈಕಲ್ ಎತ್ತಾಂವ ಅಷ್ಟೇ ಅಲ್ಲಿ ಕೈ ಹಾಕ್ತಾನ. ಹಾಕ್ಲಿ. ಮತ್ತ ಜನ್ಮದಾಗ ಯಾರ ಸೈಕಲ್ಲೂ ಮುಟ್ಟಬಾರದು."

"ಅಲಗಿಗೆ ಕಳ್ಳ ಯಾರು, ಒಳ್ಳ್ಯಾಂವ ಯಾರು ಅಂತ ತಿಳೀತೈತೇನ್ರೀ? ತಗದ ಬಿಡ್ರಿ."

"ನನ್ನ ಸೈಕಲ್ ಹೋದಾಗ ಯಾರ್ ಬಂದಿದ್ರು ಕೇಳಾಕ?" ಎಂದು ಗದರಿದ. ಅವಳು ಒಳಗೆ ಹೋದಳು.

ದಸ್ತಗೀರ ದಿನವೂ ಕಾಯಿಪಲ್ಲೆ ಮಾರುಕಟ್ಟೆಯ ಮೂಲೆಯಲ್ಲಿ ಸೈಕಲ್ ನಿಲ್ಲಿಸುತ್ತಿದ್ದ. ಪಕ್ಕದಲ್ಲಿ ಕರಿಯವ್ವ ಎಂಬ ವಿಧವೆ ಹೂ ಕಟ್ಟಿ ಮಾರುತ್ತಿದ್ದಳು. ಅವಳ ಬೆರಳುಗಳು ನೂಲಿನೊಂದಿಗೆ ಓಡುತ್ತಿದ್ದರೆ ಕಣ್ಣು ರಸ್ತೆಯ ಮೇಲೆ ಇರುತ್ತಿತ್ತು. ಇಬ್ಬರಿಗೂ ಹೆಚ್ಚು ಮಾತಿಲ್ಲ. "ಚಾ ಆತೇನು?" "ಆತು." ಅಷ್ಟೇ.

ಒಂದು ಬೆಳಿಗ್ಗೆ ಖಾನಾವಳಿಯವರು ಚಾಕುಗಳಿಗೆ ಸಾಣೆ ಹಿಡಿಸಿದರು. ದಸ್ತಗೀರ ಸೈಕಲ್ಲಿಗೆ ಬೀಗ ಹಾಕಿ, ಚಾಕು ಕೊಟ್ಟು ಬರಲು ಖಾನಾವಳಿಯೊಳಗೆ ಹೋದ. ಅಷ್ಟರಲ್ಲಿ ಉಳ್ಳಾಗಡ್ಡಿ ಹೇರಿದ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಬಂತು. ಚಾಲಕನಿಗೆ ಸೈಕಲ್ ಕಾಣಲಿಲ್ಲ. ಕರಿಯವ್ವ ಕೂಗಿದಳು. ಲಾರಿಯ ಸದ್ದಿನಲ್ಲಿ ಅವಳ ಕೂಗು ಯಾರಿಗೆ ಕೇಳೀತು? ಅವಳು ಹೂ ಬಿಟ್ಟು ಎದ್ದಳು. ಸೈಕಲ್ ತಳ್ಳಿದಳು. ಬೀಗ ಹಾಕಿದ ಗಾಲಿ ತಿರುಗಲಿಲ್ಲ. ಸೀಟಿನ ಹಿಂಬದಿಗೆ ಕೈ ಹಾಕಿ, ಇದ್ದಬದ್ದ ಬಲದಿಂದ ಎತ್ತಿ ಪಕ್ಕಕ್ಕೆ ಎಳೆದಳು.

ದಸ್ತಗೀರ ಚೀರಾಟ ಕೇಳಿ ಓಡಿಬಂದ. ಸೈಕಲ್ ಗೋಡೆಗೆ ಒರಗಿತ್ತು. ಲಾರಿಯ ಗಾಲಿ ಅದು ನಿಂತಿದ್ದ ಜಾಗದ ಮೇಲಿತ್ತು. ಕರಿಯವ್ವ ನೆಲದ ಮೇಲೆ ಕುಳಿತಿದ್ದಳು. ಅವಳ ಬಲಗೈಯ ರಕ್ತ ಪಕ್ಕದಲ್ಲಿ ಚೆಲ್ಲಿದ್ದ ಸೇವಂತಿಗೆಯ ಮೇಲೆ ಸುರಿಯುತ್ತಿತ್ತು.

ಅವನನ್ನು ಕಂಡು ಅವಳು ಕೇಳಿದ್ದು ಒಂದೇ ಮಾತು. "ಸೈಕಲ್ಲಿಗೆ ಏನೂ ಆಗಿಲ್ಲ ಹೌದಿಲ್ಲೋ?"

ಅವನು ತಲೆಯ ವಸ್ತ್ರ ಬಿಚ್ಚಿ ಅವಳ ಕೈಗೆ ಸುತ್ತಿ ಸರಕಾರಿ ದವಾಖಾನೆಗೆ ಕರೆದೊಯ್ದ. ಡಾಕ್ಟರು ಹೊಲಿಗೆ ಹಾಕಿದರು. ತೋರುಬೆರಳಿನ ನರ ಕತ್ತರಿಸಿದೆ, ಇನ್ನು ಅದು ಮಡಚುವುದು ಅನುಮಾನ ಎಂದರು. ನೆರೆದವರು "ಹಳೇ ಸೈಕಲ್, ಸೀಟಿನ ತಗಡು ಮುರಿದಿರಬೇಕು" ಎಂದು ತಾವೇ ತೀರ್ಮಾನಿಸಿದರು. ಕರಿಯವ್ವನೂ ನಂಬಿದಳು. "ನೀ ಯಾಕ ಅಳ್ತಿ? ನಿನ್ನ ತಪ್ಪೇನೈತಿ?" ಎಂದು ಅವನಿಗೇ ಸಮಾಧಾನ ಹೇಳಿದಳು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದಸ್ತಗೀರ ಮನೆಗೆ ಬಂದು ಅಲಗನ್ನು ಬಿಚ್ಚಿ ಕಲ್ಲಿನಿಂದ ಜಜ್ಜಿದ. ಹುಸೇನಬಿಯ ಮುಂದೆ ಎಲ್ಲ ಹೇಳಿದ. "ನಾ ಹೇಳಿದ್ದೆ" ಎಂದು ಅವಳು ಅನ್ನಲಿಲ್ಲ. "ನನಗ ಹೇಳಿದ್ರ ಏನ್ ಬಂತು? ಆಕೀಗೆ ಹೇಳ್ರಿ" ಎಂದಳು.

ಮರುದಿನ ಅವನು ಕರಿಯವ್ವನ ಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ. "ಅದು ಮುರಿದ ತಗಡಲ್ಲವ್ವ. ನಾನೇ ಕಟ್ಟಿದ್ದೆ. ಕಳ್ಳನ ಕೈ ಕೊಯ್ಲಿ ಅಂತ ಕಟ್ಟಿದ್ದೆ."

ಕರಿಯವ್ವ ತನ್ನ ಕೈಯ ಪಟ್ಟಿಯನ್ನು ನೋಡಿದಳು. ಬೈಯಲಿಲ್ಲ. "ಹೋಗಪಾ. ಇವತ್ತು ನಿನ್ನ ಮಾರಿ ನೋಡಾಕ ಆಗೂದಿಲ್ಲ" ಎಂದಳು.

ಅವನು ಹೋದ. ಆದರೆ ಮರುದಿನ ಬೆಳಗಾಗುತ್ತಲೇ ಹುಸೇನಬಿ ಕರಿಯವ್ವನ ಜಾಗದಲ್ಲಿ ಬಂದು ಕುಳಿತಳು. ದಸ್ತಗೀರ ತೋಟದಿಂದ ಹೂ ತಂದು ಸುರಿದ. ಹುಸೇನಬಿ ಕಟ್ಟಿದಳು, ಮಾರಿದಳು, ಬಂದದ್ದನ್ನೆಲ್ಲ ಸಂಜೆ ಕರಿಯವ್ವನ ಮನೆಗೆ ಮುಟ್ಟಿಸಿದಳು. ಗಾಯ ಮಾಯುವವರೆಗೂ ಹೀಗೇ ನಡೆಯಿತು. ಕರಿಯವ್ವ ಬೇಡ ಎನ್ನಲಿಲ್ಲ. ಒಲೆ ಉರಿಯಬೇಕಲ್ಲ.

ಕೊನೆಗೆ ಅವಳು ಮಾರುಕಟ್ಟೆಗೆ ಮರಳಿದಳು. ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಳಾಗಿಯೇ ಮಾತು ತೆಗೆದಳು.

"ದಸ್ತಗೀರ, ನಿನ್ನ ಸೈಕಲ್ಲಿಗೆ ಕಳ್ಳ ಬಂದಿದ್ದ. ಗೊತ್ತೇನು?"

"ಯಾವಾಗ?" ಅವನು ಬೆಚ್ಚಿದ.

"ನನ್ನ ಕೈ ಕೊಯ್ಯೂದಕ್ಕೂ ಮೊದಲ. ನೀ ಊಟಕ್ಕ ಹೋಗಿದ್ದಿ. ಒಬ್ಬವ ಬಂದು ಬೀಗ ಮುಟ್ಟಿ ಮುಟ್ಟಿ ನೋಡಾಕತ್ತಿದ್ದ. 'ಯಾರಪಾ ನೀನು? ದಸ್ತಗೀರನ ಬೀಗನೇನು?' ಅಂದೆ. ಹಿಂದಕ್ಕ ನೋಡದಂಗ ಹೋಗಿಬಿಟ್ಟ."

"ನನಗ ಹೇಳಲೇ ಇಲ್ಲಲ್ಲವ್ವ?"

"ಹೇಳೂದೇನೈತಿ ಅದರಾಗ? ಬಾಜೂಕ ಕುಂತವರು ಅಷ್ಟೂ ನೋಡದಿದ್ರ ಹೆಂಗ? ನಿನ್ನ ಅಲಗು ಐತಿ ಅಂತ ಅವಗೇನ್ ಗೊತ್ತಿತ್ತು? ಅಂವ ಅಂಜಿದ್ದು ನನ್ನ ದನಿಗೆ."

ದಸ್ತಗೀರ ಸಾಣೆಕಲ್ಲಿನ ಮೇಲೆ ಬಟ್ಟೆ ಹೊದಿಸಿದ. ಅಂದು ಅವನು ಮತ್ತೆ ಪೆಡಲ್ ತುಳಿಯಲಿಲ್ಲ.

ಆಮೇಲೆ ಅವನು ಮಾರುಕಟ್ಟೆಯವರನ್ನೆಲ್ಲ ಕೇಳಿಕೊಂಡ. ಸೈಕಲ್ಲುಗಳನ್ನು ಅಲ್ಲೊಂದು ಇಲ್ಲೊಂದು ಬಿಡದೆ ಎಲ್ಲರ ಕಣ್ಣಿಗೆ ಬೀಳುವಂತೆ ಒಂದೇ ಕಡೆ ನಿಲ್ಲಿಸೋಣ ಎಂದ. ಬೀಗ ಹಾಕಿದ ಸೈಕಲ್ಲನ್ನು ಯಾರೇ ಎತ್ತಿದರೂ "ಯಾರದಪಾ ಇದು?" ಎಂದು ಮೆತ್ತಗೆ ಕೇಳೋಣ ಎಂದ. ಹೊಡೆಯುವುದು ಬೇಡ, ಬರೀ ಕೇಳೋಣ. ಕೆಲವರು ನಕ್ಕರು. ಕೆಲವರು ಒಪ್ಪಿದರು. ಒಪ್ಪಿದವರಲ್ಲೂ ಕೆಲವರು ಮರೆತರು. ಅವನು ಬೇಸರಪಡದೆ ಮತ್ತೆ ಮತ್ತೆ ನೆನಪಿಸಿದ. ಆ ಮಾರುಕಟ್ಟೆಯಲ್ಲಿ ಕಳವು ಪೂರ್ತಿ ನಿಂತಿತು ಎಂದರೆ ಸುಳ್ಳಾದೀತು. ಆದರೆ ಬಹಳ ಕಡಿಮೆಯಾಯಿತು.

ಮೊದಲ ಸೈಕಲ್ ಕದ್ದವನು ಕೊನೆಗೂ ಸಿಗಲಿಲ್ಲ. ಕರಿಯವ್ವನ ತೋರುಬೆರಳು ಕೊನೆಗೂ ಮಡಚಲಿಲ್ಲ. ಅವಳು ನಡುಬೆರಳಿನಿಂದ ಗಂಟು ಹಾಕುವುದನ್ನು ಕಲಿತಳು. ಮೊದಲಿನ ವೇಗ ಬರಲಿಲ್ಲ. ಅದರಿಂದ ಅವಳ ಹೂ ಖಾಲಿಯಾಗುವುದು ತಡವಾಗುತ್ತಿತ್ತು. ತನ್ನ ಕೆಲಸ ಮುಗಿದ ಮೇಲೂ ದಸ್ತಗೀರ ಕಾಯುತ್ತಿದ್ದ. ಅವಳು ಏಳುವಾಗ ಬುಟ್ಟಿಯನ್ನು ಕ್ಯಾರಿಯರ್ ಮೇಲೆ ಇಟ್ಟುಕೊಂಡು, ಸೈಕಲ್ ತಳ್ಳುತ್ತ, ಅವಳ ಮನೆಯವರೆಗೆ ನಡೆಯುತ್ತಿದ್ದ. ಅವಳು ಕ್ಷಮಿಸಿದಳೋ ಇಲ್ಲವೋ ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ನೀತಿ: ಸಿಟ್ಟು ಕಳ್ಳನನ್ನು ಹುಡುಕುವುದಿಲ್ಲ, ಕೈಗೆ ಸಿಕ್ಕವರನ್ನು ಗಾಯ ಮಾಡುತ್ತದೆ. ನಮ್ಮ ವಸ್ತುವಿಗೆ ದೊಡ್ಡ ಕಾವಲು ನಾವು ಬಚ್ಚಿಟ್ಟ ಅಲಗಲ್ಲ, ಪಕ್ಕದಲ್ಲಿ ಕುಳಿತವರ ಕಣ್ಣು. ಕಳ್ಳನ ಮೇಲಿನ ಕೋಪಕ್ಕೆ ಆ ಕಣ್ಣನ್ನು ನೋಯಿಸಬೇಡಿ.