ತವರಿನ ಹೆಪ್ಪು

"ಗುರುಗಳೇ, ಕೆಟ್ಟಿರುವುದು ನನ್ನ ಪಿತ್ತನಾಳ. ಕರುಳನ್ನು ಏಕೆ ನೋಡಿಸಬೇಕು?" ಎಂದು ಕಲ್ಲಿನಾಥ ಕೇಳಿದ.

ಅವನ ಪಿತ್ತನಾಳಕ್ಕೆ ಬಹುಕಾಲ ಕಾಡುವ ರೋಗ ತಗುಲಿದೆಯೆಂದು ಆ ವಾರವಷ್ಟೇ ತಿಳಿದಿತ್ತು. ಕರುಳಿನೊಳಗೂ ಕೊಳವೆ ಇಳಿಸಿ ನೋಡಬೇಕೆಂದು ಡಾಕ್ಟರು ಹೇಳಿದ್ದರು.

"ಈ ರೋಗಕ್ಕೂ ಕರುಳಿನ ಉರಿಯೂತಕ್ಕೂ ನಂಟಿದೆಯಂತೆ. ಹುಟ್ಟಿನಿಂದ ಬಂದ ವಂಶವಾಹಿಗಳಲ್ಲಿ ಕೆಲವು ಎರಡಕ್ಕೂ ಸೇರಿದವಂತೆ. ನನಗೆ ಹೊಟ್ಟೆನೋವಿಲ್ಲ, ಭೇದಿಯಿಲ್ಲ. ನಿನ್ನೆ ನಾಲ್ಕು ಹೋಳಿಗೆ ತಿಂದು ಅರಗಿಸಿಕೊಂಡಿದ್ದೇನೆ. ಸುಮ್ಮನಿರುವ ಕರುಳನ್ನು ಕೆಣಕುವುದು ಬೇಡವೆಂದು ಎದ್ದು ಬಂದೆ."

"ನಾಲ್ಕೇ?" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಮದುವೆಯಾಗಿ ಹೋಗುವಾಗ ಇಬ್ಬರಿಗೂ ಒಂದೊಂದು ಕುಡಿಕೆಯಲ್ಲಿ ಮನೆಯ ಮೊಸರನ್ನು ಹೆಪ್ಪಿಗೆಂದು ಕೊಟ್ಟಳು. ಇಬ್ಬರ ಮನೆಯಲ್ಲೂ ಅದೇ ಹೆಪ್ಪು ನಡೆಯಿತು. ಇವತ್ತಿನ ಮೊಸರು ನಾಳೆಯ ಹಾಲಿಗೆ.

ಕೆಲವು ವರ್ಷಗಳ ಮೇಲೆ ಅಕ್ಕನ ಮೊಸರು ಲೋಳೆಯಾಯಿತು. ಸೌಟಿನಲ್ಲಿ ಎತ್ತಿದರೆ ನೂಲಿನ ಹಾಗೆ ಜಗ್ಗುತ್ತಿತ್ತು. ಅವಳು ಗಡಿಗೆ ಬದಲಿಸಿದಳು. ಎಮ್ಮೆಯ ಮೇವು ಬದಲಿಸಿದಳು. ಎಮ್ಮೆಗೆ ದೃಷ್ಟಿಯನ್ನೂ ತೆಗೆದಳು. ಮೊಸರು ಜಗ್ಗುವುದು ನಿಲ್ಲಲಿಲ್ಲ.

ಅತ್ತೆ ಕೇಳಿದಳು, "ಈ ಹೆಪ್ಪು ಎಲ್ಲಿಯದು?"

"ನನ್ನ ತವರಿನದು, ಅತ್ತೆ."

"ಹಾಗಾದರೆ ನಿನ್ನ ತಂಗಿಯ ಗಡಿಗೆಯನ್ನೂ ನೋಡಿ ಬಾ. ನಾಡಿದ್ದು ಅವಳ ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ. ನೂರು ಎಲೆ ಬೀಳುತ್ತವೆ. ಅಷ್ಟು ಜನರ ಮುಂದೆ ಹುಡುಗಿಯ ಮಾನ ಹೋಗಬಾರದು."

ಅಕ್ಕ ಹೋದಳು. ತಂಗಿ ಗಡಿಗೆಗೆ ಅಡ್ಡ ನಿಂತಳು.

"ಏನಕ್ಕಾ, ಮೊಸರು ಕೆಟ್ಟಿದ್ದು ನಿನ್ನದು. ನನ್ನ ಗಡಿಗೆಯಲ್ಲಿ ಯಾಕೆ ಇಣುಕುತ್ತೀ? ನೋಡು, ಕೆನೆ ಹೇಗೆ ಕಟ್ಟಿದೆ!"

"ಕೆನೆ ನೋಡುವುದಕ್ಕೆ ಎರಡು ಹರದಾರಿ ನಡೆದು ಬಂದೆನೇನೇ? ಸೌಟು ತಾ."

ಸೌಟು ತಳಕ್ಕೆ ಇಳಿಯಿತು. ಕೆನೆಯ ಕೆಳಗೆ ಮೊಸರು ಒಡೆದು ನೀರು ಬಿಟ್ಟಿತ್ತು. ಗುಳ್ಳೆ ಏಳುತ್ತಿತ್ತು.

ತಂಗಿಯ ಮುಖ ಸಣ್ಣದಾಯಿತು. ಆದರೂ ಸೋಲಲಿಲ್ಲ. "ನಿನ್ನದರ ಹಾಗೆ ಇದು ಜಗ್ಗುವುದಿಲ್ಲವಲ್ಲ!"

"ನನ್ನ ಮೂಗಿನ ಹಾಗೆ ನಿನ್ನ ಮೂಗೂ ಇಲ್ಲ. ಅವ್ವ ಒಬ್ಬಳೇ ಅಲ್ಲವೇನೇ?"

ಇಬ್ಬರೂ ನಕ್ಕರು. ತೊಟ್ಟಿಲ ಕಾರ್ಯಕ್ಕೆ ನೆರೆಮನೆಯ ಹೆಪ್ಪು ತಂದು ಹಾಲಿಗೆ ಹಾಕಿದರು. ಮೊಸರು ಗಟ್ಟಿಯಾಗಿ ಕೂತಿತು. ಉಂಡವರು ಕೇಳಿ ಕೇಳಿ ಹಾಕಿಸಿಕೊಂಡರು. ತವರಿನ ಹೆಪ್ಪನ್ನು ಚೆಲ್ಲಲು ಮಾತ್ರ ಇಬ್ಬರಿಗೂ ಮನಸ್ಸು ಬರಲಿಲ್ಲ. ಸೌಟನ್ನು ಆಗಾಗ ತಳದವರೆಗೆ ಇಳಿಸಿ ನೋಡುತ್ತ ಅದನ್ನು ಕಾಪಾಡಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಿನಾಥ ಬಿಡಲಿಲ್ಲ.

"ತಂಗಿಯ ಮೊಸರು ಕೆಡದೆಯೂ ಇರಬಹುದಿತ್ತಲ್ಲ, ಗುರುಗಳೇ?"

"ಇರಬಹುದಿತ್ತು. ಆಗ ಅಕ್ಕ ಒಂದು ಲೋಟ ಮಜ್ಜಿಗೆ ಕುಡಿದು, ಹಗುರವಾಗಿ ಮನೆಗೆ ಬರುತ್ತಿದ್ದಳು."

"ಅದು ಮೊಸರಿನ ಮಾತು. ನನ್ನದು..." ಎಂದು ಅವನು ಮತ್ತೆ ಬಾಯಿ ತೆರೆದ.

"ನಿನ್ನ ಪಿತ್ತನಾಳಕ್ಕೊಂದು, ನಿನ್ನ ಕರುಳಿಗೊಂದು, ತವರು ಎರಡಿವೆಯೇನಪ್ಪಾ?" ಎಂದರು ಗುರುಗಳು.

ಕಲ್ಲಿನಾಥ ಜೇಬಿನಿಂದ ಡಾಕ್ಟರ ಚೀಟಿ ತೆಗೆದು, ಬರಹೇಳಿದ್ದ ದಿನ ಯಾವುದೆಂದು ನೋಡಿದ.